ಅಪ್ಪ, ಕಾಕಾ ಮತ್ತು ಗಿಟಾರಿನ ಜಗಳ

ಇವತ್ತು ಯೆಣೆಗೂರದ ಧಾಬಾದಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನ ಹುಡುಗಿಯರು ಯಾವ ಗಿಟಾರ್ ವಾದಕ ದೊಡ್ಡವನೆಂದು ಜಗಳಾಡುತ್ತಿದ್ದರು. ನನಗೆ ಗುಂಜೋಟಿಯ ನಮ್ಮ ಪಡಸಾಲೆ ನೆನಪಾಯಿತು.

ಅಲ್ಲಿ ಜೋಳದ ಚೀಲದ ಮೇಲೆ ಟೇಪ್ ರೆಕಾರ್ಡರ್ ಇರುತ್ತಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಸೊಲ್ಲಾಪುರದಿಂದ ಇಂಗ್ಲಿಷ್ ಕ್ಯಾಸೆಟ್ ತರುತ್ತಿದ್ದ. ಅವನಿಗೆ ಮಿಂಚಿನಂತೆ ಬೆರಳಾಡಿಸುವ ರಾಕ್ ವಾದಕನೇ ಬೇಕು. ಪೂಜೆ ಮುಗಿಸಿ ಹಣೆಯ ವಿಭೂತಿಯಲ್ಲೇ ಬಂದು ಕೂರುವ ಅಪ್ಪನಿಗೆ, ಒಂದೇ ಸ್ವರವನ್ನು ಎಳೆದೆಳೆದು ಅಳುವಂತೆ ನುಡಿಸುವ ಬ್ಲೂಸ್ ಗಿಟಾರಿನ ಮುದುಕ.

"ಅಣ್ಣಾ, ನಿನ್ನ ಮುದುಕ ಒಂದ್ ಸೂರ ಹಚ್ಚೂದ್ರಾಗ ನಮ್ಮಾಂವ ಹಾಡೇ ಮುಗಸ್ತಾನ."

"ಲಗೂ ಮುಗಸ್ಲಾಕ ಅದೇನ್ ಕಬ್ಬಿನ ಕಟಾವೇನಲೇ?"

ಅವ್ವ ಊಟಕ್ಕೆ ಕರೆದು ಕರೆದು ಸೋಲುತ್ತಿದ್ದಳು.

ಒಂದು ಮಳೆಗಾಲ ಕಾಕಾ ಜ್ವರದಲ್ಲಿ ತೀರಿಕೊಂಡ. ಅಪ್ಪ ಟೇಪ್ ರೆಕಾರ್ಡರ್ ಮುಟ್ಟುವುದನ್ನೇ ಬಿಟ್ಟ. ಕೊನೆಗೆ ನಾನೇ ಕಾಕಾನ ಮೆಚ್ಚಿನ ಕ್ಯಾಸೆಟ್ ಹಚ್ಚಿ, ಅವನನ್ನು ಮಾತಿಗೆಳೆಯಲೆಂದು, "ಅಪ್ಪಾ, ನಿನ್ನ ಮುದುಕನೇ ದೊಡ್ಡಾಂವ" ಅಂದೆ.

ಅಪ್ಪ ಸಿಟ್ಟಾದ. "ನಿನಗೇನ್ ತಿಳೀತದ? ಅಂವಾ ಬರೇ ನಿದ್ದಿ ಬರಸ್ತಾನ. ಬೆರಳಂದ್ರ ಇವಂದು ನೋಡು, ಹ್ಯಾಂಗ್ ಓಡ್ತಾವ!" ಕಾಕಾನ ಮಾತುಗಳೇ, ಕಾಕಾನ ಧಾಟಿಯಲ್ಲೇ.

ತೀರಿಹೋದ ತಮ್ಮನ ಪರ ವಾದಿಸಲು ಅಪ್ಪನಿದ್ದ. ಮುದುಕನ ಪರ ಮಾತ್ರ ಯಾರೂ ಉಳಿಯಲಿಲ್ಲ. ಹಾಗಾಗಿ ನಾನು ನಿಂತೆ, ಅಪ್ಪನೂ ತೀರಿಕೊಳ್ಳುವವರೆಗೂ ವಾದಿಸಿದೆ.

ನನಗೆ ನಿಜಕ್ಕೂ ಯಾರು ಇಷ್ಟವೆಂದು ಆಗ ಕೇಳಿಕೊಳ್ಳಲೇ ಇಲ್ಲ. ಇವತ್ತು ಕೇಳಿಕೊಂಡೆ. ಉತ್ತರವೂ ಸಿಕ್ಕಿತು. ಅದನ್ನು ಒಪ್ಪದೆ ಜಗಳಾಡಲು ಯಾರೂ ಇಲ್ಲ.