ಮಾನಿಟರ್ ಮೇಲಿನ ಕಸೂತಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಅದು ಒಮ್ಮೆ ಒಬ್ಬರಿಗೆ ಎಂಥ ನಷ್ಟ ಮಾಡಿತೆಂದು ಮಾತ್ರ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆ. ಕೇಶ್ವಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆ. ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮಾನಿಟರ್ ಯಾವುದೋ ಆಫೀಸಿನವರು ಬೇಡವೆಂದು ಮಾರಿದ ಹಳೇ ಡಬ್ಬ. ಧೂಳು ಕೂರಬಾರದೆಂದು ಅವ್ವ ಅದಕ್ಕೆ ಆನೆ, ಗೋಪುರಗಳ ಕಸೂತಿ ಹಾಕಿದ ದಪ್ಪ ಮುಸುಕು ಹೊಲಿದುಕೊಟ್ಟಿದ್ದಳು. ಕೆಲಸಕ್ಕೆ ಕೂರುವಾಗ ನಾನು ಅದನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಮದುಮಗಳ ಸೆರಗು ಸರಿಸಿದ ಹಾಗೆ ಮುಂಭಾಗವನ್ನಷ್ಟೇ ಎತ್ತಿ ಮೇಲೆ ಮಡಚಿ ಬಿಡುತ್ತಿದ್ದೆ. ಬಂದವರೆಲ್ಲ ಕಸೂತಿ ಹೊಗಳುತ್ತಿದ್ದರು, ನನಗೂ ಹಿಗ್ಗು.

ಆ ಬೇಸಿಗೆಯಲ್ಲಿ ಮಾನಿಟರ್‌ಗೆ ರೋಗ ಹತ್ತಿತು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಅರ್ಧ ತಾಸಾಗುವಷ್ಟರಲ್ಲಿ ಚಿತ್ರ ಎರಡೂ ಕಡೆಯಿಂದ ಒಳಗೆ ಸರಿದು, ಸಾಲುಗಳು ಬಾಗಿ, ಅಕ್ಷರಗಳು ನಡುಗುತ್ತಿದ್ದವು. ಸ್ಟೆಬಿಲೈಜರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಸ್ಪೀಕರ್ ದೂರ ಇಟ್ಟೆ. ಪಕ್ಕಕ್ಕೆ ಎರಡು ಬಾರಿಸಿದರೆ ಗಳಿಗೆ ಹೊತ್ತು ನೆಟ್ಟಗಾಗಿ ಮತ್ತೆ ಅದೇ ರಾಗ.

ಅಂಥದ್ದೇ ಒಂದು ದಿನ ಉಪ್ಪಿನಬೆಟಗೇರಿಯ ಅಕ್ಕೋರು ಬಂದು ಪಕ್ಕದಲ್ಲಿ ಕೂತರು. ಕಾಲೇಜಿನಲ್ಲಿ ಪಾಠ ಹೇಳುವವರು, ಅವರ ಮನೆತನದಲ್ಲಿ ಪಿಎಚ್‌ಡಿವರೆಗೆ ಬಂದ ಮೊದಲಿಗರು. ಪ್ರಬಂಧ ಒಪ್ಪಿಸಲು ಅಂದೇ ಕೊನೆಯ ದಿನ. ಎರಡು ಗಂಟೆಗೆ ಪುಟಗಳು ಎದುರಿನ ಬೈಂಡರನ ಕೈ ಸೇರಿದರೆ ಮಾತ್ರ ಐದರೊಳಗೆ ಧಾರವಾಡದ ವಿಶ್ವವಿದ್ಯಾಲಯ ಮುಟ್ಟಬಹುದಿತ್ತು. ಉಳಿದದ್ದು ಕೊನೆಯ ಅಧ್ಯಾಯದ ತಿದ್ದುಪಡಿ, ಮತ್ತು ಅವರು ತಮ್ಮ ಅವ್ವನಿಗೆ ಕೃತಜ್ಞತೆ ಹೇಳಿ ಬರೆದ ಒಂದು ಪುಟ.

ಹನ್ನೊಂದೂವರೆಗೆ ಸಾಲುಗಳು ಬಾಗತೊಡಗಿದವು. ಆರಿಸಿ, ಕಾದು, ಮತ್ತೆ ಹಚ್ಚಿದೆ. ಈ ಸಲ ಹತ್ತೇ ನಿಮಿಷ ತಡೆಯಿತು. ಅಕ್ಕೋರು ಗಡಿಯಾರ ನೋಡುವುದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಅವರು ಮೆಲ್ಲಗೆ ಕೇಳಿದರು:

"ಅಣ್ಣಾರ, ಆ ಅರಿವಿ ಪೂರಾ ತಗದು ನೋಡೋಣೇನ್ರಿ? ಕೈ ಇಟ್ರ ಸುಡಾಕತ್ತೈತಿ."

"ಅಕ್ಕೋರ, ನೀವು ನಿಮ್ಮ ಪಿಎಚ್‌ಡಿ ನೋಡ್ಕೋರಿ. ಮಾನಿಟರ್ ನನಗ ಬಿಡ್ರಿ."

ಅವರ ಮುಖ ಸಪ್ಪಗಾಯಿತು. ನಾನು ಹಟಕ್ಕೆ ಬಿದ್ದು ವೈರು ಕಿತ್ತು, ವೈರು ಹಾಕಿ, ಅವರ ಒಂದು ತಾಸನ್ನು ತಿಂದೆ. ಊಟಕ್ಕೆ ಕರೆಯಲು ಬಂದ ಅವ್ವ ಮುಸುಕಿನ ಮೇಲೆ ಕೈಯಿಟ್ಟವಳೇ ಅದನ್ನು ಎಳೆದು ತೆಗೆದಳು. ಕೆಳಗಿದ್ದ ಗಾಳಿಕಿಂಡಿಗಳಿಂದ ಎದ್ದ ಝಳ ನನ್ನ ಮುಖಕ್ಕೆ ಬಡಿಯಿತು. ಅವ್ವ ಬೀಸಣಿಕೆ ತಂದು ಗಾಳಿ ಹಾಕುತ್ತ ನಿಂತಳು. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಸಾಲುಗಳು ನೆಟ್ಟಗಿದ್ದವು. ನಾಚಿಕೆಯಿಂದ ನಾನು ಅಕ್ಕೋರ ಕಡೆ ನೋಡಲೇ ಇಲ್ಲ.

ಅಧ್ಯಾಯದ ಕೊನೆಯ ಹಾಳೆ ಪ್ರಿಂಟರ್‌ನಿಂದ ಹೊರಬರುವಾಗ ಎರಡು ಹೊಡೆದುಹೋಗಿತ್ತು. ಬೈಂಡರ್ ಬಾಗಿಲಿಗೆ ಬಂದು ಅವಸರ ಮಾಡುತ್ತಿದ್ದ. ಕೃತಜ್ಞತೆಯ ಪುಟ ಇನ್ನೂ ಅವರ ಕೈಬರಹದಲ್ಲೇ ಮೇಜಿನ ಮೇಲಿತ್ತು. ಹತ್ತು ನಿಮಿಷ ಕೊಡಿರೆಂದು ಅಂಗಲಾಚಿದೆ. ಅಕ್ಕೋರು ಉಳಿದ ಹಾಳೆಗಳನ್ನು ಎದೆಗವಚಿಕೊಂಡು ಎದ್ದರು.

"ಇರಲಿ ಬಿಡ್ರಿ. ಅವ್ವಗ ಹೆಂಗೂ ಓದಾಕ ಬರಂಗಿಲ್ಲ. ತನ್ನ ಹೆಸರ ಎಲ್ಲೈತಿ, ಬೊಟ್ಟ ಇಟ್ಟು ತೋರ್ಸು ಅಂದಿದ್ಲು, ಅಷ್ಟ."

ಪ್ರಬಂಧ ಐದರೊಳಗೆ ಧಾರವಾಡ ಮುಟ್ಟಿತೆಂದು ಆಮೇಲೆ ತಿಳಿಯಿತು. ಅವರು ಹೋದ ಮೇಲೆ ನಾನು ಊಟ ಬಿಟ್ಟು ಆ ಪುಟವನ್ನು ಟೈಪ್ ಮಾಡಿದೆ. ಅವರ ಅವ್ವನ ಹೆಸರು ಮೊದಲನೇ ಸಾಲಿನಲ್ಲೇ ಇತ್ತು, ಪರದೆಯ ಮೇಲೆ ಒಂದಿಷ್ಟೂ ಅಲುಗಲಿಲ್ಲ.