ಮರದ ನೆಲಕ್ಕೆ ನೀರು ಬಿದ್ದ ದಿನ

ಅವತ್ತು ನೆಲದ ಮೇಲೆ ಹರಿದದ್ದು ಎರಡು ಕೊಡ ನೀರೋ ಐದು ಕೊಡವೋ, ಈಗ ಖಚಿತವಾಗಿ ಹೇಳಲಾರೆ. ನನ್ನ ಡೈರಿಯಲ್ಲಿ ಎರಡು ಎಂದಿದೆ. ಆದರೆ ಆ ಪುಟ ಬರೆದದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಹತ್ತು ಜನರ ಬಾಯಿಂದ ಹತ್ತು ತರಹ ಕೇಳಿ ಆಗಿತ್ತು. ಇಲಿಯಾಸ್ ಮಾಮು ಐದು ಎನ್ನುತ್ತಾರೆ. ಅವರ ಹೆಂಡತಿ, ಅಂದರೆ ನಮ್ಮ ಮುಮಾನಿ, ಅಲ್ಲಿರಲೇ ಇಲ್ಲ. ಆದರೂ "ಟ್ಯಾಂಕರೇ ಬಂದಿತ್ತಂತೆ" ಎಂದು ನಾಲ್ಕು ಮನೆಗೆ ಹೇಳಿದ್ದಾರೆ. ಆದ್ದರಿಂದ ನೀರಿನ ವಿಷಯದಲ್ಲಿ ನನ್ನನ್ನು ನಂಬಬೇಡಿ. ನೆಲದ ವಿಷಯದಲ್ಲಿ ನಂಬಬಹುದು. ಅದನ್ನು ನಾನೇ ಮೊಣಕಾಲೂರಿ ಒರೆಸಿದ್ದೇನೆ.

ಮಾಮು ನನ್ನ ಅಮ್ಮನ ತಮ್ಮ. ಭದ್ರಾವತಿಯಲ್ಲಿ ಅವರಿಗೊಂದು ಮರದ ಅಂಗಡಿ. ಕಣ್ಣು ಮುಚ್ಚಿ ಮೂಸಿ ಇದು ಸಾಗುವಾನಿ, ಇದು ಹೊನ್ನೆ, ಇದು ಮತ್ತಿ ಎಂದು ಹೇಳಬಲ್ಲ ಮನುಷ್ಯ. ಆದರೆ ಊರಿನ ಬಾಗಿಲುಗಳು ಸ್ಟೀಲಿನವಾದವು, ಕಿಟಕಿಗಳು ಅಲ್ಯೂಮಿನಿಯಂ ಆದವು. ಅಂಗಡಿಯಲ್ಲಿ ಗರಗಸದ ಸದ್ದಿಗಿಂತ ಗೋಡೆ ಗಡಿಯಾರದ ಸದ್ದೇ ಜೋರಾಗಿ ಕೇಳತೊಡಗಿದಾಗ ಮಾಮು ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಮಳಿಗೆ ಹಿಡಿದು, ಮನೆಗಳಿಗೆ ಮರದ ನೆಲ ಹಾಕಿಕೊಡುವ ವ್ಯಾಪಾರ ಶುರು ಮಾಡಿದರು. "ಇದೂ ನಡೀಲಿಲ್ಲ ಅಂದ್ರೆ ಎರಡೂ ಅಂಗಡಿಗೆ ಬೀಗ ಹಾಕಿ, ಮುಮಾನಿ ಜೊತೆ ಕೂತು ಸೀರಿಯಲ್ ನೋಡ್ತೀನಿ" ಎಂದರು. ನಗುತ್ತಲೇ ಹೇಳಿದರು, ಆದರೆ ಅವರು ಇಪ್ಪತ್ತು ವರ್ಷದಿಂದ ಸೀರಿಯಲ್ಲುಗಳನ್ನು ಬೈಯುತ್ತ ಬಂದವರು.

ನಾನು ಎಂ.ಕಾಂ. ಓದಿದವಳು. ಸುಮ್ಮನಿರಲಾಗದೆ "ಶಿವಮೊಗ್ಗದಲ್ಲಿ ಮರದ ನೆಲದ ಮಾರುಕಟ್ಟೆ: ಅವಕಾಶಗಳು ಮತ್ತು ಅಪಾಯಗಳು" ಎಂಬ ವರದಿ ಬರೆದುಕೊಟ್ಟೆ. ಅಪಾಯಗಳ ಪಟ್ಟಿಯಲ್ಲಿ ಗೆದ್ದಲು ಇತ್ತು, ಹೊರದೇಶದ ಅಗ್ಗದ ಮಾಲು ಇತ್ತು, ಅಗ್ಗದ ಟೈಲ್ಸ್ ಇತ್ತು. ನೀರಿನ ಬಗ್ಗೆ ಒಂದೇ ಸಾಲು: "ಈಗ ಎಲ್ಲ ಮನೆಗಳಲ್ಲೂ ಮಾಪ್ ಇರುವುದರಿಂದ ನೆಲ ತೊಳೆಯುವ ಪದ್ಧತಿ ನಿಂತಿದೆ." ಈ ಸಾಲನ್ನು ಬರೆಯುವಾಗ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಹಬ್ಬಕ್ಕೆಂದು ಬಕೆಟ್ ತುಂಬಿಸುತ್ತಿದ್ದ ಸದ್ದು ಕೇಳುತ್ತಿತ್ತು ಎಂದು ನನಗೀಗ ನೆನಪು. ನಿಜವೋ, ನಾಚಿಕೆ ಹುಟ್ಟಿಸಿದ ನೆನಪೋ, ಗೊತ್ತಿಲ್ಲ.

ಮಳಿಗೆಯಲ್ಲಿ ಎರಡು ವಾರ ಕೂತು ನಾನು ಕಂಡುಕೊಂಡ ಸತ್ಯಗಳು ವರದಿಗಿಂತ ಸ್ವಾರಸ್ಯವಾಗಿದ್ದವು. ಸುತ್ತ ಕಾಡಿರುವ ಜಿಲ್ಲೆಯ ಜನ ಇಷ್ಟಪಟ್ಟು ಆರಿಸುವುದು ಯಾವುದೋ ಹಿಮದ ದೇಶದ ಮರದ ಚಿತ್ರವನ್ನು. ಅದೂ ಒತ್ತಿ ಗಟ್ಟಿಮಾಡಿದ ಮರದ ಪುಡಿಯ ಮೇಲೆ ಅಂಟಿಸಿದ್ದು. ಮಾಮು ತಮ್ಮದೇ ಮಾಲನ್ನು ಮೂಸಿ, "ಗೋಂದಿನ ವಾಸನೆ" ಎಂದು ಮುಖ ಕಿವುಚುತ್ತಿದ್ದರು. ಇನ್ನೊಂದು, ಬಂದವರೆಲ್ಲ ಮಾದರಿಗೆ ಹಾಸಿದ ನೆಲದ ಮುಂದೆ ಚಪ್ಪಲಿ ಬಿಟ್ಟು, ಆದರೂ ಹತ್ತದೆ ನಿಲ್ಲುತ್ತಿದ್ದರು. ಯೋಚಿಸಿದರೆ ಅದು ಸಹಜವೇ. ನಮ್ಮಲ್ಲಿ ಮರ ಇರುತ್ತಿದ್ದದ್ದು ತಲೆಯ ಮೇಲೆ ತೊಲೆಯಾಗಿ, ಕೂರಲು ಮಣೆಯಾಗಿ, ಮಗುವಿಗೆ ತೊಟ್ಟಿಲಾಗಿ. ಅಟ್ಟವೊಂದನ್ನು ಬಿಟ್ಟರೆ ಮರ ಕಾಲ ಕೆಳಗೆ ಬಂದದ್ದೇ ಕಡಿಮೆ. ನೋಡಿ, ಹೊಗಳಿ, ಜನ ಪಕ್ಕದ ಟೈಲ್ಸ್ ಅಂಗಡಿಗೆ ಹೋಗುತ್ತಿದ್ದರು.

ಕೊನೆಗೆ ನವುಲೆಯಲ್ಲಿ ಹೊಸ ಮನೆ ಕಟ್ಟಿಸಿದ್ದ ಶ್ರೀಕಂಠಪ್ಪ ಮೇಷ್ಟ್ರು ಒಪ್ಪಿದರು. ಇಡೀ ಹಾಲಿಗೆ ಮರದ ನೆಲ. ಮಾಮುವಿನ ಮೊದಲ ಗಿರಾಕಿ. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದರು.

"ಬೇಟಾ, ಊರೆಲ್ಲ ಬಂದು ನೋಡುತ್ತೆ. ನೆಲ ನಿಂತ್ರೆ ನನ್ನ ಅಂಗಡಿ ಬೋರ್ಡ್ ನಿಲ್ಲುತ್ತೆ. ಇಲ್ಲಾಂದ್ರೆ ನಾನೇ ಏಣಿ ಹತ್ತಿ ಇಳಿಸ್ತೀನಿ" ಎಂದರು ಮಾಮು.

ಅವರಿಗೆ ಭಯವಿದ್ದದ್ದು ಹಸುವಿನದು. ಗೃಹಪ್ರವೇಶವೆಂದರೆ ಹಸು ಒಳಗೆ ಬರಬೇಕು. ಗೊರಸು ಜಾರಿದರೆ ಹಸುವೂ ಹೋಯಿತು, ಹಲಗೆಯೂ ಹೋಯಿತು. ಬಾಗಿಲಿಂದ ದೇವರ ಕೋಣೆಯವರೆಗೆ ರಬ್ಬರ್ ಮ್ಯಾಟ್ ಹಾಸಿದರು. ಹಸು ವಧುವಿನಂತೆ ಬಂತು. ಮಾಮು ಉಸಿರು ಬಿಟ್ಟರು. ಹಸು ತಿರುಗುವಾಗ ಮ್ಯಾಟಿನ ಆಚೆ ಹಿಂಭಾಗ ಸರಿಸಿ ಸೆಗಣಿ ಹಾಕಿತು.

"ಒಳ್ಳೇ ಶಕುನ!" ಎಂದು ಮನೆ ತುಂಬ ಸಂಭ್ರಮ. ಆ ಸಂಭ್ರಮದಲ್ಲಿ ಮೇಷ್ಟ್ರ ತಾಯಿ ಗೌರಮ್ಮಜ್ಜಿ ಸೆಗಣಿ ತೊಳೆಯಲೆಂದು ಸೊಂಟದ ಮೇಲೆ ಕೊಡ ಹೊತ್ತು ಬಂದದ್ದನ್ನು ಯಾರೂ ನೋಡಲಿಲ್ಲ.

"ಅಜ್ಜೀ, ನೀರು ಬೇಡ! ಅದು ಮರ!" ಮಾಮು ಕೂಗಿದರು.

"ಮರ ಅಂದ್ಮೇಲೆ ನೀರು ಬೇಡ ಅನ್ನುತ್ತೇನೋ ಮಾರಾಯ?" ಎಂದು ಅಜ್ಜಿ ಕೊಡ ಬಗ್ಗಿಸಿಯೇಬಿಟ್ಟರು. ಅವರ ಹಿಂದೆ ಸೊಸೆ, ಇನ್ನೊಂದು ಕೊಡ.

ನೀರು ಹಾಕಬಾರದೆಂದು ಮಾಮು ಮೇಷ್ಟ್ರಿಗೆ ಮೂರು ಸಲ ಹೇಳಿದ್ದರು. ಅದನ್ನು ತಾಯಿಗೆ ಹೇಳುವ ಧೈರ್ಯ ಮೇಷ್ಟ್ರಿಗಿರಲಿಲ್ಲ. ಹಲಗೆಗಳ ಸಂದಿಗೆ ನೀರಿಳಿದರೆ ಅವು ಉಬ್ಬಿ ಮೇಲೇಳುತ್ತವೆ. ಮಾಮು ಹೆಗಲ ಮೇಲಿನ ಶಾಲು ಎಳೆದು ನೆಲಕ್ಕೆ ಬಿದ್ದರು. ಮೇಷ್ಟ್ರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಅವರ ಪಕ್ಕ ಕೂತರು. ಉಡುಗೊರೆಯ ಟವೆಲುಗಳು ಬಂದವು. ಅವು ಮುಗಿದ ಮೇಲೆ ತಾಂಬೂಲಕ್ಕಿಟ್ಟಿದ್ದ ರವಿಕೆ ಕಣಗಳು. ಜರಿ ಸೀರೆಯ ಹೆಂಗಸರು, ಶಾಲಾ ಮೇಷ್ಟ್ರುಗಳು, ನಾನು, ಎಲ್ಲರೂ ಮಂಡಿಯೂರಿ ಸಾಲಾಗಿ ಒರೆಸಿದೆವು. ಅಜ್ಜಿ ನಡುವೆ ನಿಂತು, "ಒರೆಸೋಕೆ ಇಷ್ಟು ಜನ ಇದ್ದಾರೆ ಅಂತ ಗೊತ್ತಿದ್ರೆ ಇನ್ನೊಂದು ಕೊಡ ತರ್ತಿದ್ದೆ" ಎಂದರು.

ಆಗಲೇ ನಾನು ವರದಿಯಲ್ಲಿ ಬರೆಯದ ಘಟನೆ ನಡೆಯಿತು.

"ಏನ್ರೀ, ಟೈಲ್ಸ್ ತರ ತಣ್ಣಗೆ ಕೊರೆಯಲ್ವಲ್ಲ ಇದು" ಎಂದರು ನನ್ನ ಪಕ್ಕದ ಹೆಂಗಸು, ಅಂಗೈ ಊರಿ.

"ನಮ್ಮನೇಲಿ ಹೀಗೆ ಕೂತಿದ್ರೆ ಇಷ್ಟೊತ್ತಿಗೆ ಮಂಡಿ ಹಿಡ್ಕೋತಿತ್ತು" ಎಂದರು ಇನ್ನೊಬ್ಬರು. "ಸಾಬ್ರೇ, ಒಂದು ರೂಮಿಗೆ ಎಷ್ಟಾಗುತ್ತೆ?"

ಮಾಮು ಹೊಟ್ಟೆಯ ಮೇಲೆ ಮಲಗಿ, ಹಲಗೆಗೆ ಕಿವಿಯಿಟ್ಟು ನೀರಿನ ಸದ್ದು ಆಲಿಸುತ್ತಿದ್ದರು. ಆ ಭಂಗಿಯಲ್ಲೇ ರೇಟು ಹೇಳಿದರು.

ದೇವರ ಕೋಣೆಯ ಹತ್ತಿರ ಒಂದು ಹಲಗೆ ಮಾತ್ರ ಉಬ್ಬಿತು, ಮರುದಿನ ಬದಲಾಯಿಸಿದರು. ಊಟ ಮುಗಿಯುವುದರೊಳಗೆ ಮೂವರು ಫೋನ್ ನಂಬರು ಪಡೆದಿದ್ದರು. ಬೋರ್ಡು ಇಳಿಯಲಿಲ್ಲ. ಕಣ್ಣು ಹೊಗಳುತ್ತದೆ, ಕೊಳ್ಳುವುದು ಅಂಗೈ ಮತ್ತು ಮಂಡಿ ಎಂದು ಡೈರಿಯಲ್ಲಿ ಬರೆದುಕೊಂಡೆ. ನಾವು ದಿನವಿಡೀ ತುಳಿಯುವ ನೆಲವನ್ನು ಕೈಯಿಂದ ಮುಟ್ಟಿ ನೋಡುವುದು ಎಷ್ಟು ಅಪರೂಪ!

ಆ ಮೂವರಲ್ಲಿ ಒಬ್ಬರ ಮನೆ ರಾಗಿಗುಡ್ಡದಲ್ಲಿ ಈಗ ಸಿದ್ಧವಾಗುತ್ತಿದೆ. ಹೋದ ವಾರ ಮಾಲು ಕಳಿಸುವಾಗ ನಾನೂ ಇದ್ದೆ. ಗೂಡ್ಸ್ ಆಟೋದಲ್ಲಿ ಹಲಗೆಯ ಪೆಟ್ಟಿಗೆಗಳ ಪಕ್ಕ ಒಂದು ದೊಡ್ಡ ಗಂಟು. ಬಿಚ್ಚಿ ನೋಡಿದರೆ ಹೊಸ ಟವೆಲುಗಳು, ಐವತ್ತಾದರೂ ಇದ್ದವು.

"ಮಾಮು, ಆ ಮನೇಲೂ ಒಬ್ಬರು ಅಜ್ಜಿ ಇದ್ದಾರಂತಲ್ಲ. ನೀರು ಹಾಕಬಾರದು ಅಂತ ಅವರಿಗೆ ಹೇಳಿದ್ದೀರಿ ತಾನೇ?" ಎಂದು ಕೇಳಿದೆ.

ಮಾಮು ಟವೆಲಿನ ಗಂಟನ್ನು ಮತ್ತೆ ಕಟ್ಟಿ, ಹಗ್ಗ ಬಿಗಿಯಾಗಿದೆಯೇ ಎಂದು ನೋಡಿದರು. ಗೃಹಪ್ರವೇಶ ನಾಳಿದ್ದು.