ಓವನ್ನಿನೊಳಗಿನ ರೊಟ್ಟಿ

ಮೊನ್ನೆ ಒಂದು ಬೆಳಿಗ್ಗೆ ರೊಟ್ಟಿ ತೆಗೆಯಲೆಂದು ಓವನ್ನಿನ ಬಾಗಿಲು ತೆರೆದೆ. ನೀವು ಸರಿಯಾಗಿಯೇ ಓದಿದಿರಿ. ಬೀದರಿನ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ ಇರುವುದು ಕರೆಂಟಿನ ಓವನ್ನಿನೊಳಗೆ. ಅಲ್ಲಿ ಇರುವೆ ಹತ್ತುವುದಿಲ್ಲ, ಇಲಿ ನುಗ್ಗುವುದಿಲ್ಲ, ಎಷ್ಟು ಉಳಿದಿವೆ ಎಂಬುದು ಗಾಜಿನ ಬಾಗಿಲಿನಿಂದ ಹೊರಗೇ ಕಾಣುತ್ತದೆ. ರೊಟ್ಟಿ ಇಡಲು ಇಷ್ಟು ಒಳ್ಳೆಯ ಪೆಟ್ಟಿಗೆಯನ್ನು ಯಾರೂ ಬೇಕೆಂದು ಮಾಡಿರಲಾರರು. ರೊಟ್ಟಿ ಇಡುವುದು ಬಿಟ್ಟು ಬೇರೆ ಕೆಲಸಕ್ಕೆ ಅದನ್ನು ಬಳಸಿ ಹನ್ನೊಂದು ವರ್ಷವಾಗಿತ್ತು. ಆದರೂ ಬಾಗಿಲು ತೆರೆದಾಗಲೆಲ್ಲ ಜೋಳದ ವಾಸನೆಯ ಹಿಂದಿನಿಂದ ವೆನಿಲ್ಲಾದ ವಾಸನೆ, ಕರೆಯದೆ ಬಂದ ನೆಂಟನ ಹಾಗೆ, ಒಮ್ಮೆ ಇಣುಕಿ ನೋಡಿ ಹೋಗುತ್ತದೆ.

ಅವತ್ತು ಆ ವಾಸನೆಗೆ ನಾನು ತುಸು ಹೆಚ್ಚು ಹೊತ್ತು ನಿಂತೆ. ಕಾರಣ ಘನವಾದದ್ದೇನಲ್ಲ. ಹಿಂದಿನ ವಾರ ಎರಡು ದವಡೆ ಹಲ್ಲು ಕೀಳಿಸಿಕೊಂಡಿದ್ದೆ. ಹದಿನೈದು ದಿನ ಮೆತ್ತಗಿನದ್ದನ್ನೇ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹೇಳಿ ನಕ್ಕವನು ನಾನು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ನಿಂತಾಗ ಅದು ಅಂಥ ನಗುವ ಗಾದೆಯೇನಲ್ಲ ಅನಿಸಿತು. ಒಂದು ಕೇಕ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು, ಯಾರಿಗೂ ಹೇಳದವನಂತೆ, ಅಡುಗೆಮನೆಗೆ ಕೇಳುವಷ್ಟು ದೊಡ್ಡದಾಗಿ ಹೇಳಿದೆ.

ಹೆಂಡತಿ ಹಂಚಿನಿಂದ ಮುಖ ತಿರುಗಿಸದೆ ಅಂದಳು: "ಓವನ್ ಕೆಟ್ಟು ಹೋಗ್ಯದಲ್ರಿ. ಅಪ್ಪಗ ನೀವೇ ಹೇಳಿದ್ರಿ."

ಈ ಮಾತು ನನ್ನ ಎದೆಯಲ್ಲಿ ಎಲ್ಲಿ ನಾಟಿತು ಎಂಬುದು ನಿಮಗೆ ಗೊತ್ತಾಗಬೇಕಾದರೆ ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು. ಆಗ ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಬೀದರಿನಿಂದ ಬಸ್ಸು, ಸಂಜೆ ಮರಳಿ ಬಸ್ಸು. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ನನ್ನದು ಒಂದೇ ಉಪದೇಶ. ಅಳತೆ ತಪ್ಪಿ ಬಂದರೆ ಮೊದಲು ಉಪಕರಣದ ದೋಷ ನೋಡಿ, ಆಮೇಲೆ ನಿಮ್ಮ ಕೈಯ ದೋಷ. ಥರ್ಮಾಮೀಟರನ್ನು ಮೊದಲು ಕರಗುವ ಮಂಜುಗಡ್ಡೆಯಲ್ಲಿ ಇಟ್ಟು ಸೊನ್ನೆ ತೋರಿಸುತ್ತದೋ ಇಲ್ಲವೋ ನೋಡದೆ ಪ್ರಯೋಗ ಶುರುಮಾಡಿದವನನ್ನು ನಾನು ಬೆಂಚಿನಿಂದ ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆ. ಈ ವಿಷಯದಲ್ಲಿ ನನಗೆ ಕಾಲೇಜಿನಲ್ಲಿ ಹೆಸರೇ ಇತ್ತು. ಹೆಸರು ಭಾಲ್ಕಿಯಲ್ಲಿ ಇತ್ತು, ಸಂಜೆಯ ಬಸ್ಸಿನಲ್ಲಿ ನನ್ನ ಜೊತೆ ಬೀದರಿಗೆ ಬರುತ್ತಿರಲಿಲ್ಲ.

ನನ್ನ ಹೆಂಡತಿಯ ತವರು ಔರಾದ ತಾಲೂಕಿನ ಎಕಂಬಾ. ಮಾವನವರು ಪ್ರಾಥಮಿಕ ಶಾಲೆಯ ಮಾಸ್ತರಾಗಿ ನಿವೃತ್ತರಾದವರು, ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಜೋರಾಗಿಯೇ ಇದ್ದರು. ಕಷ್ಟವಿದ್ದದ್ದು ಬಾಯಿಯೊಳಗೆ. ಒಂದೊಂದಾಗಿ ಹಲ್ಲೆಲ್ಲ ಹೋದವು. ಕಟ್ಟಿಸಿದ ಹಲ್ಲು ಒಸಡಿಗೆ ಚುಚ್ಚುತ್ತದೆಂದು ಅದನ್ನು ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿ ಇಟ್ಟುಬಿಟ್ಟರು. ಒಂದು ಕಾಲಕ್ಕೆ ಎರಡು ಖಡಕ್ ರೊಟ್ಟಿಯನ್ನು ಇಡೀ ಓಣಿಗೆ ಕೇಳುವಂತೆ ಮುರಿದು ತಿನ್ನುತ್ತಿದ್ದವರು ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿ, ಕಿವುಚಿ, ಕೂಸಿನ ಹಾಗೆ ನುಂಗತೊಡಗಿದರು. ಮಗಳಿಗೆ ಅದನ್ನು ನೋಡಲು ಆಗಲಿಲ್ಲ. ಮನೆಗೆ ಓವನ್ ಬಂದದ್ದು ಆ ಕಾರಣಕ್ಕೆ. ಅಪ್ಪನಿಗೆ ಪ್ರತಿ ಭಾನುವಾರ ಒಂದು ಮೆತ್ತಗಿನ ಕೇಕ್ ಒಯ್ಯಬೇಕು, ಅದರಲ್ಲಿ ತತ್ತಿ ಇರಬಾರದು, ತನ್ನ ಕೈಯಿಂದಲೇ ಆಗಬೇಕು ಎಂಬುದು ಅವಳ ಹಟ.

ಓವನ್ ಬಂದ ದಿನ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಟೀವಿಯ ಪಕ್ಕದಲ್ಲಿ ಕೂರಿಸಿದೆವು. ಅಡುಗೆಮನೆಯಲ್ಲಿಟ್ಟರೆ ಬಂದವರಿಗೆ ಕಾಣುವುದಿಲ್ಲವಲ್ಲ. ಬಂದವರು ಅದನ್ನೂ ಒಂದು ಟೀವಿಯೆಂದೇ ತಿಳಿದು ಅದರ ಎದುರು ಕೂತದ್ದೂ ಉಂಟು.

ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಹಳೆ ಊರಿನ ಬೇಕರಿಯ ಭಟ್ಟಿ. ದೀಪಾವಳಿಯ ಮುಂದೆ ಮೈದಾ, ಸಕ್ಕರೆ, ತುಪ್ಪ ಎಲ್ಲ ನಾವೇ ಒಯ್ದು ಕೊಟ್ಟು ಖಟಾಯಿ ಬಿಸ್ಕತ್ತು ಮಾಡಿಸಿಕೊಂಡು ಬರುವ ಪದ್ಧತಿ. ಯಾವ ತಟ್ಟೆ ಯಾರದೆಂದು ಗುರುತಿಗೆ ಒಬ್ಬರು ಖಟಾಯಿಯ ಮೇಲೆ ಚಾರೋಳಿ ಬೀಜ ಒತ್ತಿದರೆ ಇನ್ನೊಬ್ಬರು ಬೆರಳು ಒತ್ತುತ್ತಿದ್ದರು. ಭಟ್ಟಿಯ ಮುಂದೆ ಕೂತ ಚಾಚಾ ತಟ್ಟೆ ಒಳಗೆ ನೂಕುವ ಮೊದಲು ಬರಿಗೈಯನ್ನು ಭಟ್ಟಿಯ ಬಾಯಿಗೆ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಐದಕ್ಕೆ ಕೈ ಸುಟ್ಟರೆ ಖಟಾಯಿ ಒಳಗೆ. ಆರೇಳರವರೆಗೆ ಕೈ ತಡೆದರೆ ಇನ್ನೆರಡು ಕಟ್ಟಿಗೆ. ನಾನು ಆ ಹೊತ್ತಿನಲ್ಲಿ ಹೊರಗೆ ಚಹಾ ಕುಡಿಯುತ್ತಿದ್ದೆ. ಹೆಂಡತಿ ಒಳಗೆ ನಿಂತು ನೋಡುತ್ತಿದ್ದಳು.

ಮೊದಲ ಕೇಕಿನ ದಿನ ಅವಳು ಮಾಡಿದ್ದು ಅದನ್ನೇ. ನಾನು ಶಾಖದ ಗುಂಡಿಯನ್ನು ನೂರಾ ಎಂಬತ್ತು ಡಿಗ್ರಿಗೆ ತಿರುಗಿಸಿ, ಹತ್ತು ನಿಮಿಷ ಕಾಯಿಸಿ, ಇನ್ನು ಇಡು ಎಂದೆ. ಅವಳು ಬಾಗಿಲು ತೆರೆದು ಕೈ ಒಡ್ಡಿದಳು. ತುಟಿ ಅಲುಗಿದ್ದು ಕಂಡಿತು.

"ಇದರ ಶಾಖ ಸಾಲವಲ್ದುರಿ," ಅಂದಳು. "ಚಾಚಾ ಐದಕ್ಕ ಕೈ ತಗೀತಾರ. ನಾ ಹತ್ತರ ತನ ಇಟ್ಟೇನಿ."

"ಮಷೀನ್ ಸುಳ್ಳು ಹೇಳಂಗಿಲ್ಲ," ಅಂದೆ ನಾನು. "ರೊಟ್ಟಿ ಬಡದು ಬಡದು ನಿನ್ನ ಕೈ ಮೊಂಡಾಗ್ಯದ."

ಆಗ ಅದು ನನಗೆ ಬಹಳ ಚುರುಕಾದ ಮಾತು ಅನಿಸಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಕೇಕಿನ ಡಬ್ಬಿ ಒಳಗಿಟ್ಟಳು.

ಕೇಕ್ ಚೆನ್ನಾಗಿಯೇ ಉಬ್ಬಿತು. ಗಾಜಿನಾಚೆ ಅದು ಏರುವುದನ್ನು ನೋಡಿ ಇಬ್ಬರಿಗೂ ಸಂತೋಷವಾಯಿತು. ಇಪ್ಪತ್ತು ನಿಮಿಷಕ್ಕೆ ನಡುಭಾಗ ನಿಟ್ಟುಸಿರು ಬಿಟ್ಟ ಹಾಗೆ ಕೆಳಗಿಳಿಯಿತು. ಮೇಲೆ ಬಣ್ಣ ಬರಲಿಲ್ಲ. ದಂಡೆ ಒಣಗಿತು, ನಡುವೆ ಅಂಟಂಟು. ನಾನು ಒಂದು ವಹಿ ತೆಗೆದು ಮೊದಲ ಪುಟದಲ್ಲಿ ಗೆರೆ ಹಾಕಿದೆ. ಎಡಕ್ಕೆ ಲಕ್ಷಣ, ಬಲಕ್ಕೆ ಕಾರಣ. ನಡುವೆ ತಗ್ಗು ಬಿದ್ದರೆ ಸೋಡಾ ಹೆಚ್ಚಾಗಿದೆ, ಇಲ್ಲವೇ ಬೇಯುವಾಗ ಬಾಗಿಲು ತೆರೆದಿದ್ದಾಳೆ. ಅಂಟಂಟಾದರೆ ಮೊಸರು ತೆಳ್ಳಗಿದೆ. ದಂಡೆ ಒಣಗಿದರೆ ಹಿಟ್ಟು ಹೆಚ್ಚು. ಗಟ್ಟಿಯಾದರೆ ಕಲಸಿದ ಹಿಟ್ಟನ್ನು ಹಾಗೇ ಬಿಟ್ಟು ಕೂತಿದ್ದಾಳೆ, ಹಿಟ್ಟು ಓವನ್ನಿಗೆ ಹೋಗುವ ಮೊದಲೇ ಸೋಡಾದ ಗಾಳಿ ಹೊರಟುಹೋಗಿದೆ. ಪುಸ್ತಕದ ಲೆಕ್ಕಕ್ಕೆ ಇವೆಲ್ಲ ಸರಿಯಾದ ಕಾರಣಗಳೇ. ಬಲಗಡೆಯ ಪ್ರತಿ ಸಾಲಿನಲ್ಲಿಯೂ ಅವಳೇ ಇದ್ದಳು ಎಂಬುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಅವಳು ನಾನು ಹೇಳಿದ್ದನ್ನೆಲ್ಲ ಮಾಡಿದಳು. ಸೋಡಾ ಇಳಿಸಿದಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಳು. ಬೇಯುವಾಗ ಬಾಗಿಲು ಮುಟ್ಟದೆ ಮಂಡಿಯ ಮೇಲೆ ಕೈಯಿಟ್ಟು ಕೂತಳು. ಕೇಕ್ ಮಾತ್ರ ತನ್ನ ತಗ್ಗು ಬಿಡಲಿಲ್ಲ. ಪ್ರತಿ ಭಾನುವಾರ ಆ ತಗ್ಗುಬಿದ್ದ ಕೇಕನ್ನು ಸ್ಟೀಲಿನ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಔರಾದಿನ ಬಸ್ಸು ಹತ್ತುತ್ತಿದ್ದಳು, ಅಲ್ಲಿಂದ ಎಕಂಬಾಕ್ಕೆ. ಮಾವನವರಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಪ್ರತಿ ಸಲ ಒಂದೇ ಮಾತು: "ನಡುವಿಂದು ನನಗ ಕೊಡವ್ವಾ. ದಂಡಿದು ಹಲ್ಲಿದ್ದೋರು ತಿನ್ಲಿ." ಆ ಅಂಟಾದ ನಡುಭಾಗವನ್ನು ಚಮಚದಿಂದ ತೆಗೆತೆಗೆದು, ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಮಗಳು ಎದುರಿಗೆ ಕೂತು ನೋಡುತ್ತಿದ್ದಳು. ಅಲ್ಲಿ ಬೇಡದವನು ಒಬ್ಬನೇ, ವಹಿ ಇಟ್ಟುಕೊಂಡು ಜೊತೆಗೆ ಹೋಗುತ್ತಿದ್ದ ನಾನು.

ಜೂನ್ ಒಂದನೇ ತಾರೀಖು ಬಂತು. ಈ ಕಡೆಯ ಹಿರಿಯರೆಲ್ಲ ಅದೇ ದಿನ ಹುಟ್ಟಿದವರು ಎಂಬುದು ನಿಮಗೂ ಗೊತ್ತಿರಬೇಕು. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದದ್ದೇ ಜನ್ಮದಿನ. ಮಾವನವರಿಗೆ ಹೀಗೆ ಒಬ್ಬ ಮಾಸ್ತರು ಜೂನ್ ಒಂದು ಕೊಟ್ಟಿದ್ದರು, ಅವರು ಮಾಸ್ತರಾಗಿ ಊರ ಅರ್ಧ ಮಕ್ಕಳಿಗೆ ಅದನ್ನೇ ಹಂಚಿದ್ದರು. ಅದನ್ನು ಒಮ್ಮೆಯಾದರೂ ಆಚರಿಸೋಣ ಎಂದು ಮೊಮ್ಮಕ್ಕಳು ಹಟ ಹಿಡಿದರು. ಹೆಂಡತಿ ಎರಡು ದಿನ ಮುಂಚಿನಿಂದ ತಯಾರಿ ನಡೆಸಿದಳು. ಕೇಕ್ ಸ್ವಲ್ಪ ದೊಡ್ಡದು, ತಗ್ಗೂ ಸ್ವಲ್ಪ ದೊಡ್ಡದು. ತಗ್ಗಿನಲ್ಲಿ ಗೋಡಂಬಿ ತುಂಬಿ ಮುಚ್ಚಿದ್ದಳು.

ಎಕಂಬಾದ ಪಡಸಾಲೆಯಲ್ಲಿ ಮನೆಮಂದಿ, ಓಣಿಯವರು, ಮಾವನವರ ಹಳೆಯ ಶಿಷ್ಯರು ಎಲ್ಲ ಸೇರಿದ್ದರು. ಕೇಕ್ ಕತ್ತರಿಸಿದಾಗ ಗೋಡಂಬಿ ಸರಿದು ತಗ್ಗು ಕಂಡಿತು. ನಡುವೆ ಹೀಗ್ಯಾಕೆ ಎಂದು ಯಾರೋ ಸುಮ್ಮನೆ ಕೇಳಿದರು. ಸುಮ್ಮನೆ ಕೇಳಿದ್ದಕ್ಕೆ ಸುಮ್ಮನಿರಬಹುದಿತ್ತು. ನಾನು ಎದ್ದು ನಿಂತೆ. ಸೋಡಾ, ಮೊಸರು, ಬಾಗಿಲು, ಕೈಯ ಹದ, ಒಂದನ್ನೂ ಬಿಡಲಿಲ್ಲ. ಕೊನೆಗೆ, ಹೇಳಿ ಹೇಳಿ ಸಾಕಾಯಿತು, ಕೈ ತಿದ್ದಿಕೊಳ್ಳುವುದಿಲ್ಲ ಎಂದು ನಗುತ್ತ ಮುಗಿಸಿದೆ. ಶಿಷ್ಯರು ಗೌರವದಿಂದ ಕೇಳಿದರು. ಮಾವನವರು ಚಮಚ ಕೆಳಗಿಟ್ಟು ಮಗಳ ಮುಖ ನೋಡಿದರು.

ಮರುದಿನ ಓವನ್ನಿನಲ್ಲಿ ರೊಟ್ಟಿ ಇದ್ದವು. ಇದೇನು ಎಂದು ಕೇಳಿದೆ. ಇದಕ್ಕಾದರೆ ಶಾಖ ಬೇಕಾಗುವುದಿಲ್ಲ ಎಂದಳು. ನಾಲ್ಕು ದಿನದ ಸಿಟ್ಟು ಎಂದುಕೊಂಡೆ. ಭಾನುವಾರಗಳಿಗೆ ಕೇಕಿನ ಬದಲು ಔರಾದಿನ ಬಸ್‌ಸ್ಟ್ಯಾಂಡಿನ ಬೇಕರಿಯ ಬನ್ನು ಬಂತು.

ಕೆಲವು ತಿಂಗಳ ಮೇಲೆ ಮಾವನವರು ನನ್ನೊಬ್ಬನನ್ನೇ ಕೂರಿಸಿಕೊಂಡು, ಮಗಳು ಕೇಕ್ ತರುವುದನ್ನು ಯಾಕೆ ಬಿಟ್ಟಳು ಎಂದು ಕೇಳಿದರು. ನಿಜ ಹೇಳುವ ಧೈರ್ಯ ನನಗೆಲ್ಲಿತ್ತು? "ಓವನ್ ಕೆಟ್ಟು ಹೋಗ್ಯದರಿ, ಮಾಮಾ," ಅಂದೆ. ಅವರು ನನ್ನನ್ನೇ ತುಸು ಹೊತ್ತು ನೋಡಿ, ರಿಪೇರಿ ಮಾಡಿಸಿರಿ ಎಂದರು. ಆಗಲಿ ಎಂದೆ. ಆಮೇಲೆ ಎಂಟು ವರ್ಷ ಬದುಕಿದ್ದರು, ಮತ್ತೆ ಕೇಳಲಿಲ್ಲ. ಅವರು ಹೋಗಿ ಈಗ ಮೂರು ವರ್ಷ.

ಹೀಗಿರುವಾಗ ಮೊನ್ನೆ ಹೆಂಡತಿ ಆ ಮಾತನ್ನು ಇಟ್ಟಲ್ಲಿಂದ ಎತ್ತಿ ಕೊಟ್ಟಳು. ನಾನು ಅವಳಪ್ಪನಿಗೆ ಸುಳ್ಳು ಹೇಳಿದ್ದು ಅವಳಿಗೆ ಆವತ್ತಿನಿಂದಲೇ ಗೊತ್ತಿತ್ತು, ಅಪ್ಪನೇ ಹೇಳಿರಬೇಕು. ನನಗೆ ಕೋಪ ಬಂತು, ಅದು ನನಗೆ ನಾಚಿಕೆಯಾದಾಗ ಬರುವ ಕೋಪ. ಓವನ್ ಚೆನ್ನಾಗಿಯೇ ಇದೆ ಎಂದು ತೋರಿಸಿಯೇ ಬಿಡುತ್ತೇನೆಂದು ಭಾಲ್ಕಿಯ ಬಸ್ಸು ಹತ್ತಿದೆ. ಈಗ ಅಲ್ಲಿ ಪ್ರಯೋಗಾಲಯ ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಹೆಚ್ಚಿನ ಶಾಖ ಅಳೆಯುವ ಉದ್ದನೆಯ ಥರ್ಮಾಮೀಟರ್ ಕೇಳಿದೆ. ಅವನು ಅದನ್ನು ತಂದು, ಕೊಡುವ ಮೊದಲು, ಮಂಜುಗಡ್ಡೆಯ ಬಟ್ಟಲಿನಲ್ಲಿ ಅದ್ದಿ ಸೊನ್ನೆ ನೋಡಿದ. "ನೀವೇ ಕಲಿಸಿದ್ರಿ ಸರ," ಅಂದ. ನಾನು ಅವನ ಮುಖ ನೋಡದೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡೆ.

ಮನೆಗೆ ಬಂದು ರೊಟ್ಟಿ ಹೊರಗೆ ತೆಗೆದು, ಥರ್ಮಾಮೀಟರ್ ಒಳಗಿಟ್ಟು, ಗುಂಡಿಯನ್ನು ನೂರಾ ಎಂಬತ್ತಕ್ಕೆ ತಿರುಗಿಸಿ, ಅರ್ಧ ಗಂಟೆ ಕಾಯಿಸಿದೆ. ಗಾಜಿನಾಚೆಯಿಂದ ಬ್ಯಾಟರಿ ಬೆಳಕು ಹಿಡಿದು ಓದಿದೆ. ಪಾದರಸ ನೂರಾ ನಲವತ್ತರಲ್ಲಿ ನಿಂತಿತ್ತು. ಇನ್ನೊಂದು ಕಾಲು ಗಂಟೆ ಕಾದೆ. ನೂರಾ ನಲವತ್ತು. ಅಷ್ಟು ಶಾಖದಲ್ಲಿ ಸೋಡಾ ಕೇಕನ್ನು ಎತ್ತುತ್ತದೆ, ಆದರೆ ಎತ್ತಿದ್ದನ್ನು ಹಿಡಿದು ನಿಲ್ಲಿಸುವಷ್ಟು ಬೇಗ ಹಿಟ್ಟು ಬೇಯುವುದಿಲ್ಲ. ನಡುವೆ ಬೀಳದೆ ಇನ್ನೇನಾದೀತು? ಅಂದರೆ ನನ್ನ ಜೀವಮಾನದಲ್ಲಿ ಆ ಓವನ್ನಿನ ಬಗ್ಗೆ ನಾನು ಹೇಳಿದ ಒಂದೇ ಒಂದು ನಿಜ, ಮಾವನವರಿಗೆ ಹೇಳಿದ ಆ ಸುಳ್ಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಗುಂಡಿ ತೋರಿಸುವುದಕ್ಕಿಂತ ಶಾಖ ನಲವತ್ತು ಕಡಿಮೆ ಇದೆ, ಮೊದಲಿನಿಂದಲೂ ಹಾಗೇ ಇದ್ದಿರಬೇಕು, ನಿನ್ನ ಕೈ ಸರಿಯಾಗಿತ್ತು ಎಂದೆ. ತಪ್ಪು ನನ್ನದು ಎಂದೂ ಹೇಳಿದೆ. ಅದು ನನಗೆ ಹೇಳಿ ರೂಢಿ ಇಲ್ಲದ ಮಾತು. ಅವಳು ಹಿಟ್ಟಿನ ಕೈ ತೊಳೆದುಕೊಂಡಳು.

"ಅಪ್ಪ ಇದ್ದಾಗ ನೋಡಬೇಕಿತ್ರಿ," ಅಂದಳು.

ಎಂಟು ವರ್ಷದ ಭಾನುವಾರಗಳನ್ನು ನಾನು ಆ ಮುದುಕರ ಬಾಯಿಂದ ತೆಗೆದುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ ಇವಳ ಕೈಯಿಂದ.

ಎರಡು ದಿನ ಏನೂ ಆಗಲಿಲ್ಲ. ನಾನು ಅನ್ನಕ್ಕೆ ಮಜ್ಜಿಗೆ ಕಲಸಿ ತಿಂದೆ. ಮೂರನೆಯ ದಿನ ಮಧ್ಯಾಹ್ನ ಮೊಸರು ಬಟ್ಟೆಯಲ್ಲಿ ತೂಗುತ್ತಿರುವುದು ಕಂಡಿತು. ಸಂಜೆ ಅವಳೇ ಬಂದು ಗುಂಡಿ ತಿರುಗಿಸಿದಳು. ಎಷ್ಟಕ್ಕೆ ಎಂದು ನಾನು ನೋಡಲಿಲ್ಲ. ಬಾಗಿಲು ತೆರೆದು ಕೈ ಒಡ್ಡಿದಳು. ನಾನೂ ಮನಸ್ಸಿನಲ್ಲಿ ಎಣಿಸಿದೆ. ಐದಕ್ಕೆ ಕೈ ಹಿಂದೆ ಬಂತು. ಥರ್ಮಾಮೀಟರ್ ಟವೆಲಿನೊಳಗೇ ಇತ್ತು, ಅದನ್ನು ಮುಟ್ಟಲಿಲ್ಲ.

ಕೇಕ್ ಉಬ್ಬಿತು, ಉಬ್ಬಿದ್ದು ನಿಂತಿತು. ತಗ್ಗಿರಲಿಲ್ಲ. ಮೇಲೆ ಒಂದು ಕಡೆ ಸಣ್ಣ ಬಿರುಕು ಇತ್ತು. ಬಿರುಕಿನ ಕಾರಣ ನನಗೆ ಗೊತ್ತಿತ್ತು, ಹೇಳಲಿಲ್ಲ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದಂಡೆಯನ್ನು ಬಿಟ್ಟು, ನಡುವಿನ ಭಾಗ ಕತ್ತರಿಸಿ, ಮೊದಲು ಅಪ್ಪನ ಫೋಟೋದ ಮುಂದೆ ಒಂದು ತುಂಡು ಇಟ್ಟಳು, ಇನ್ನೊಂದು ನನ್ನ ತಟ್ಟೆಗೆ. ಅಗಿಯಬೇಕಾಗಲಿಲ್ಲ. ಹೇಗಾಗಿದೆ ಎಂದು ಅವಳು ಕೇಳಲಿಲ್ಲ, ಆದರೂ ಚೆನ್ನಾಗಿದೆ ಎಂದೆ. ಮದುವೆಯಾದಾಗಿನಿಂದ ಆ ಮಾತಿನ ಮುಂದೆ 'ಆದರೆ' ಎಂದು ಸೇರಿಸದೆ ಬಿಟ್ಟದ್ದು ಅದೇ ಮೊದಲಿರಬೇಕು.

ಈ ಬೆಳಿಗ್ಗೆ, ಹಲ್ಲಿಲ್ಲದಿದ್ದರೂ ರೂಢಿಯ ಮೇಲೆ, ರೊಟ್ಟಿಗೆಂದು ಓವನ್ನಿನ ಬಾಗಿಲು ತೆರೆದು ಕೈ ಹಾಕಿದೆ. ಒಳಗೆ ಖಾಲಿ. ಒರೆಸಿ ಸ್ವಚ್ಛ ಮಾಡಿತ್ತು, ಜೋಳದ ಒಂದು ಪುಡಿಯೂ ಇರಲಿಲ್ಲ.

ರೊಟ್ಟಿ ಎಲ್ಲಿ ಎಂದು ಕೇಳಿದೆ.

"ಡಬ್ಬ್ಯಾಗ ಅದಾವ್ರಿ," ಅಂದಳು ಒಳಗಿನಿಂದ.